ಕಲೆಕ್ಟರಿನಲ್ಲಿ ಎಷ್ಟು ವೋಲ್ಟ್?

ಕೇಳುಗರೆಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಓದುವ ಮಕ್ಕಳು, ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವ ಹವ್ಯಾಸಿಗಳು ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಇವತ್ತಿನ ಲೆಕ್ಕ ಟ್ರಾನ್ಸಿಸ್ಟರಿನದು. ಅದಕ್ಕೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ನಾನು ಹೇಳುತ್ತಾ ಹೋಗುತ್ತೇನೆ, ನೀವು ಗೆರೆ ಎಳೆಯುತ್ತಾ ಬನ್ನಿ.

12 ವೋಲ್ಟಿನ ಸಪ್ಲೈ. ಅಲ್ಲಿಂದ 3.9 ಕಿಲೋಓಮಿನ ರೆಸಿಸ್ಟರ್ ಮೂಲಕ ಕಲೆಕ್ಟರಿಗೆ. ಎಮಿಟರ್ ನೇರ ಗ್ರೌಂಡಿಗೆ. ಬೇಸಿಗೆ ಸಪ್ಲೈಯಿಂದಲೇ 1 ಮೆಗಾಓಮ್. ಟ್ರಾನ್ಸಿಸ್ಟರ್ ನಮಗೆಲ್ಲ ಪರಿಚಯದ ಬಿ.ಸಿ. 547. ಔಟ್‌ಪುಟ್, ಅಂದರೆ ಕಲೆಕ್ಟರಿನ ವೋಲ್ಟೇಜ್ ಎಷ್ಟು?

ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸಿಗೂ ಎಮಿಟರಿಗೂ ನಡುವೆ ಸುಮಾರು 0.7 ವೋಲ್ಟ್ ನಿಲ್ಲುತ್ತದೆ. ಉಳಿದ 11.3 ವೋಲ್ಟ್ ಮೆಗಾಓಮಿನ ಮೇಲೆ. ಹಾಗಾಗಿ ಬೇಸ್ ಕರೆಂಟ್ 11.3 ಮೈಕ್ರೋಆಂಪಿಯರ್. ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಎಂಬ ಸಂಖ್ಯೆಯೇ ಬೀಟಾ. ಅದರಿಂದ ಗುಣಿಸಿದರೆ ಕಲೆಕ್ಟರ್ ಕರೆಂಟ್. ತೊಡಕು ಇರುವುದೇ ಇಲ್ಲಿ. ಬಿ.ಸಿ. 547ರ ಡೇಟಾಶೀಟಿನಲ್ಲಿ ಬೀಟಾ 110ರಿಂದ 800ರವರೆಗೆ ಇದೆ. 110 ಹಿಡಿದರೆ 1.24 ಮಿಲಿಆಂಪಿಯರ್, ರೆಸಿಸ್ಟರಿನಲ್ಲಿ 4.8 ವೋಲ್ಟ್ ಹೋಗಿ ಕಲೆಕ್ಟರಿನಲ್ಲಿ 7.2 ಉಳಿಯಿತು. 800 ಹಿಡಿದರೆ 9 ಮಿಲಿಆಂಪಿಯರ್, ರೆಸಿಸ್ಟರಿನ ಮೇಲೆ 35 ವೋಲ್ಟ್! 12ರಲ್ಲಿ 35 ಕಳೆದು ಮೈನಸ್ 23 ಎಂದು ಬರೆದು, ಉತ್ತರದ ಅಡಿಗೆ ಎರಡು ಗೆರೆ ಎಳೆಯುವವರೂ ಇದ್ದಾರೆ.

12 ಕೊಡ ನೀರಿರುವ ಬಾವಿಯಿಂದ 35 ಕೊಡ ಸೇದಲು ಬರುತ್ತದೆಯೇ? 12 ವೋಲ್ಟನ್ನು 3.9 ಕಿಲೋಓಮಿನಿಂದ ಭಾಗಿಸಿ: 3 ಮಿಲಿಆಂಪಿಯರ್ ಚಿಲ್ಲರೆ. ಎಂಥ ಟ್ರಾನ್ಸಿಸ್ಟರ್ ಹಾಕಿದರೂ ಅದಕ್ಕಿಂತ ಹೆಚ್ಚು ಹರಿಯದು. ಅಲ್ಲಿಗೆ ಅದು ಸ್ಯಾಚುರೇಟ್ ಆಯಿತು, ಅಂದರೆ ಪೂರ್ತಿ ತೆರೆದುಕೊಂಡಿತು, ಕಲೆಕ್ಟರಿನಲ್ಲಿ ಉಳಿದದ್ದು 0.2 ವೋಲ್ಟ್ ಅಥವಾ ಅದಕ್ಕೂ ಕಡಿಮೆ. ನನ್ನನ್ನು ಕೇಳಿದರೆ ಪಾಠ ಶುರುವಾಗಬೇಕಾದ್ದು ಈ 3 ಮಿಲಿಆಂಪಿಯರಿನಿಂದ. ಮೊದಲ ದಿನವೇ ಬೀಟಾ ಉರು ಹೊಡೆಸಿದರೆ ಮಕ್ಕಳು ಮೈನಸ್ 23 ಬರೆಯದೆ ಇನ್ನೇನು ಮಾಡಿಯಾರು?

ಈಗ ಮೆಗಾಓಮ್ ಕಿತ್ತು ಹಾಕಿ. ಸಪ್ಲೈಯಿಂದ ಬೇಸಿಗೆ 47 ಕಿಲೋಓಮ್, ಬೇಸಿನಿಂದ ಗ್ರೌಂಡಿಗೆ 10, ಎಮಿಟರಿನ ಕೆಳಗೆ 1. 47ಕ್ಕೆ 10 ಸೇರಿ 57. ಬೇಸಿನಲ್ಲಿ 12 ವೋಲ್ಟಿನ 57 ಪಾಲಿನಲ್ಲಿ 10 ಪಾಲು, 2.1 ವೋಲ್ಟ್. 0.7 ಕಳೆದರೆ ಎಮಿಟರಿನಲ್ಲಿ 1.4 ವೋಲ್ಟ್. 1 ಕಿಲೋಓಮಿನಲ್ಲಿ ಅದು 1.4 ಮಿಲಿಆಂಪಿಯರ್. ಕಲೆಕ್ಟರ್ ಕರೆಂಟೂ ಹೆಚ್ಚುಕಡಿಮೆ ಅಷ್ಟೇ. 3.9ರಿಂದ ಗುಣಿಸಿದರೆ 5.5 ವೋಲ್ಟ್, ಔಟ್‌ಪುಟ್ 6.5. ಬೀಟಾದ ಹೆಸರೇ ಬರಲಿಲ್ಲ ನೋಡಿ! 47, 10ರ ಜೋಡಿಯಲ್ಲಿ 210 ಮೈಕ್ರೋಆಂಪಿಯರ್ ಹರಿಯುತ್ತಿದೆ, ಬೀಟಾ 200 ಇದ್ದರೆ ಬೇಸ್ ಕೇಳುವುದು ಬರೀ 7. ಬೀಟಾ 110ರಿಂದ 800ರವರೆಗೆ ಎಷ್ಟೇ ಇರಲಿ, ಔಟ್‌ಪುಟ್ ಅರ್ಧ ವೋಲ್ಟೂ ಅಲುಗದು.

6.5 ಯಾಕೆ ಒಳ್ಳೆಯದು? ಈ ಔಟ್‌ಪುಟ್ ಮೇಲಕ್ಕೆ 12ರ ತನಕ, ಕೆಳಕ್ಕೆ 1.6ರ ತನಕ ಹೋಗಬಹುದು. ಎಮಿಟರಿನ 1.4 ಅಲುಗದೆ ನಿಂತಿದೆ ಎಂದು ಹಿಡಿದು, ಅದಕ್ಕೆ 0.2 ಸೇರಿಸಿ ಬಂದದ್ದು ಆ 1.6. 6.5 ಹತ್ತಿರಹತ್ತಿರ ನಡುಮಧ್ಯ. ಮೊದಲಿನ ಸರ್ಕ್ಯೂಟಿನ ಹಾಗೆ 0.2ರಲ್ಲಿ ಕುಳಿತದ್ದನ್ನು ಯಕ್ಷಗಾನದ ಮೈಕಿಗೆ ಹಾಕಿದರೆ ಸಿಗ್ನಲ್ ಕೆಳಗಿಳಿಯಲು ಜಾಗವೇ ಇಲ್ಲ. ಭಾಗವತರ ಪದವೂ ಒಡೆದೀತು, ಚಂಡೆಯೂ ಒಡೆದೀತು.

ಮೇ ಕೊನೆಗೆ, ಪತ್ತನಾಜೆ ಹತ್ತಿರದ ನಮ್ಮ ಕರಾವಳಿಯ ಸೆಕೆ? ಬಿಸಿ ಒಂದು ಡಿಗ್ರಿ ಏರಿದರೆ ಆ 0.7 ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಪೆಟ್ಟಿಗೆಯೊಳಗೆ 20 ಡಿಗ್ರಿ ಏರಿದರೂ ನಮ್ಮ 6.5 ಜಾರುವುದು 0.16 ವೋಲ್ಟ್. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಮೊದಲು ಎಮಿಟರಿಗೆ ಇಡಿ. ಅಲ್ಲಿ ಸೊನ್ನೆ, ಕಲೆಕ್ಟರಿನಲ್ಲಿ ಪೂರಾ 12 ಬಂದರೆ ಟ್ರಾನ್ಸಿಸ್ಟರ್ ಆನ್ ಆಗಿಲ್ಲ, ಬೇಸಿನ ಕಡೆ ಹುಡುಕಿ. ಎರಡೂ ಕಡೆ ಹತ್ತಿರಹತ್ತಿರ ಒಂದೇ ಬಂದರೆ ಸ್ಯಾಚುರೇಟ್ ಆಗಿದೆ, ಇಲ್ಲವೇ ಒಳಗೆ ಶಾರ್ಟ್. ಕಡಲ ಗಾಳಿಗೆ ಕಾಲುಗಳು ಹಸಿರುಗಟ್ಟಿದ ಹಳೇ ಬೋರ್ಡಾದರೆ, ಲೆಕ್ಕಕ್ಕೆ ಕೂರುವ ಮೊದಲು ಬೆಸುಗೆ ಒಮ್ಮೆ ಹೊಸದಾಗಿ ಹಾಕಿ. ನಮಸ್ಕಾರ.