ಆಟಕ್ಕುಂಟು, ಲೆಕ್ಕಕ್ಕಿಲ್ಲ: ಡಿಎಫ್ ಕಮಾಂಡ್‌ನ ಅಡಗಿದ ಆಪ್ಷನ್‌ಗಳು

[ಸ್ಕ್ರೀನ್: ಖಾಲಿ ಟರ್ಮಿನಲ್, ಮಿನುಗುವ ಕರ್ಸರ್]

ನಮಸ್ಕಾರ. ಹೋದ ತಿಂಗಳು ಒಂದು ಹಳೇ ಬ್ಯಾಕಪ್ ಸ್ಕ್ರಿಪ್ಟ್ ನನ್ನ ಕೈಗೆ ಬಂತು. ಬರೆದವರು ಕೆಲಸ ಬಿಟ್ಟು ವರ್ಷಗಳೇ ಆಗಿವೆ. ಅದರಲ್ಲೊಂದು ಸಾಲು: ಡಿಎಫ್ ಹೈಫನ್ ಎಂ. ಡಿಎಫ್ ಅಂದ್ರೆ ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ತೋರಿಸೋ ಕಮಾಂಡ್. ಏನಿದು ಎಂ ಅಂತ ಕಮಾಂಡ್‌ನ ಕೈಪಿಡಿ, ಅಂದ್ರೆ ಮ್ಯಾನ್ ಪೇಜ್ ತೆಗೆದೆ. ಕೆ ಇದೆ, ಎಲ್ ಇದೆ, ಎಂ ಇಲ್ಲ! ಹೆಲ್ಪ್‌ನಲ್ಲೂ ಇಲ್ಲ. ತಪ್ಪಿ ಟೈಪ್ ಮಾಡಿರಬೇಕು ಅಂತ ಅಳಿಸೋಕೆ ಹೊರಟವನು, ಯಾಕೋ ಒಂದ್ಸಲ ಓಡಿಸಿ ನೋಡಿದೆ.

[ಸ್ಕ್ರೀನ್: ಔಟ್‌ಪುಟ್‌ನ ಮೇಲ್ಸಾಲಿನಲ್ಲಿ '1ಎಂ-ಬ್ಲಾಕ್ಸ್' ಮೇಲೆ ಹಳದಿ ಗುರುತು]

ನೋಡಿ, ಲೆಕ್ಕ ಮೆಗಾಬೈಟ್‌ನಲ್ಲಿ ಬಂದಿದೆ. ಸ್ಕ್ರಿಪ್ಟ್‌ನ ಮುಂದಿನ ಸಾಲಿನಲ್ಲಿ 'ಉಳಿದ ಜಾಗ 5000ಕ್ಕಿಂತ ಕಮ್ಮಿ ಆದ್ರೆ ಮೇಲ್ ಕಳಿಸು' ಅಂತಿತ್ತು. ಎಂ ಅಳಿಸಿದ್ದರೆ ಲೆಕ್ಕ ಕಿಲೋಬೈಟ್‌ಗೆ ಇಳಿದು, ಐದು ಜಿಬಿ ಉಳಿದಾಗ ಬರಬೇಕಾದ ಮೇಲ್ ಐದು ಎಂಬಿ ಉಳಿದಾಗ ಬರ್ತಿತ್ತು. ಅಷ್ಟೊತ್ತಿಗೆ ಡಿಸ್ಕ್ ಕಥೆ ಮುಗಿದಿರುತ್ತೆ.

ಗುಟ್ಟು ಇರೋದು ಗ್ನೂ ಕೋರ್‌ಯುಟಿಲ್ಸ್‌ನ, ಅಂದ್ರೆ ಲಿನಕ್ಸ್‌ನಲ್ಲಿ ಡಿಎಫ್‌ನಂಥ ಮೂಲ ಕಮಾಂಡ್‌ಗಳ ಕಟ್ಟಿನ ಸೋರ್ಸ್ ಕೋಡ್‌ನಲ್ಲಿ. ಡಿಎಫ್ ಡಾಟ್ ಸಿ ಫೈಲ್ ತೆರೆದರೆ ಎಂ ಪಕ್ಕ ಒಂದು ಕಾಮೆಂಟ್: ಬಳಕೆ ತಪ್ಪುತ್ತಿರೋದು, ಬಿಎಸ್‌ಡಿ ಅನ್ನೋ ಯುನಿಕ್ಸ್ ಬಳಗದ ಜೊತೆ ಹೊಂದಾಣಿಕೆಗೆ ಇಟ್ಟದ್ದು. ಹಾಗೇ ಕ್ಯಾಪಿಟಲ್ ಎಫ್. ಸೋಲಾರಿಸ್ ಅನ್ನೋ ಇನ್ನೊಂದು ಯುನಿಕ್ಸ್‌ನಿಂದ ಬಂದವರಿಗೋಸ್ಕರ, ಸ್ಮಾಲ್ ಟಿ ಮಾಡೋ ಕೆಲಸವನ್ನೇ, ಅಂದ್ರೆ ಹೇಳಿದ ಬಗೆಯ ಫೈಲ್‌ಸಿಸ್ಟಂಗಳನ್ನಷ್ಟೇ ತೋರಿಸೋ ಕೆಲಸವನ್ನೇ ಮಾಡುತ್ತೆ. ಇವೆರಡೂ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಸ್ಮಾಲ್ ವಿ ಇದಕ್ಕೆ ಉಲ್ಟಾ. ಹೆಲ್ಪ್‌ನಲ್ಲಿ ಹೆಸರಿದೆ, ಮಾಡೋ ಕೆಲಸ ಸೊನ್ನೆ. ಸಿಸ್ಟಂ ಫೈವ್ ಅನ್ನೋ ಹಳೇ ಯುನಿಕ್ಸ್ ಕಾಲದ ಸ್ಕ್ರಿಪ್ಟ್‌ಗಳು ಎರರ್ ಹೊಡೀಬಾರದು ಅಂತ ಸುಮ್ಮನೆ ಕೂರಿಸಿದ್ದಾರೆ.

[ಸ್ಕ್ರೀನ್: ಎಡಕ್ಕೆ ಡಿಎಫ್, ಬಲಕ್ಕೆ ಡಿಯು]

ನನಗೆ ನಿಜವಾಗಿ ಭಯ ಹುಟ್ಟಿಸೋದು ಕ್ಯಾಪಿಟಲ್ ಎಚ್. ಡಿಎಫ್‌ನಲ್ಲಿ ಅದು ಸಾವಿರದ ಲೆಕ್ಕ, ಅಂದ್ರೆ ಒಂದು ಕೆಬಿಗೆ ಸಾವಿರ ಬೈಟ್; ಸ್ಮಾಲ್ ಎಚ್ 1024ರ ಲೆಕ್ಕ. ಅಂಗಡಿಯಲ್ಲಿ ಒಂದು ಟಿಬಿ ಅಂತ ಕೊಂಡ ಡಿಸ್ಕ್ 1024ರ ಲೆಕ್ಕದಲ್ಲಿ ಸುಮಾರು 931 ಜಿಬಿ, ಮೋಸ ಏನಿಲ್ಲ. ಫೋಲ್ಡರ್, ಫೈಲ್‌ಗಳು ಎಷ್ಟು ಜಾಗ ತಿಂದಿವೆ ಅಂತ ಅಳೆಯೋ ಡಿಯು ಕಮಾಂಡ್‌ನಲ್ಲೂ ಕ್ಯಾಪಿಟಲ್ ಎಚ್‌ಗೆ 2008ರ ಡಿಸೆಂಬರ್‌ಗೆ ಮುಂಚೆ ಇದೇ ಸಾವಿರದ ಲೆಕ್ಕದ ಅರ್ಥ ಇತ್ತು. ಆಮೇಲೆ ಬದಲಾಯ್ತು: ಈಗ ಕಮಾಂಡ್ ಸಾಲಿನಲ್ಲಿ ಕೊಟ್ಟ ಸಿಂಬಾಲಿಕ್ ಲಿಂಕ್ (ಬೇರೆ ಫೈಲ್ ಕಡೆ ಬೆರಳು ತೋರಿಸೋ ಶಾರ್ಟ್‌ಕಟ್) ಹಿಂಬಾಲಿಸು ಅಂತ. ಹಳೇ ಸ್ಕ್ರಿಪ್ಟ್ ಎರರ್ ಕೊಡಲ್ಲ, ಬೇರೇನೋ ಅಳೆದು ಕೊಡುತ್ತೆ. ಎರರ್ ಕೊಟ್ಟಿದ್ರೇ ವಾಸಿ.

ಹಾಗಾದ್ರೆ ಎಂ ಇಟ್ಟುಕೊಳ್ಳೋದಾ? ತಮಾಷೆ ಅಂದ್ರೆ ಮ್ಯಾಕ್‌ನ ಡಿಎಫ್‌ನಲ್ಲಿ, ಚಿಕ್ಕ ಸಾಧನಗಳಲ್ಲಿ ಬಳಸೋ ಬಿಜಿಬಾಕ್ಸ್ ಅನ್ನೋ ಕಮಾಂಡ್ ಕಟ್ಟಿನಲ್ಲಿ ಎಂ ರಾಜಾರೋಷವಾಗಿ ಹೆಲ್ಪ್‌ನಲ್ಲೇ ಇದೆ. ಆದರೂ ನನಗೆ ಯುನಿಕ್ಸ್ ಬಳಗಕ್ಕೆಲ್ಲ ಪೊದುವಾದ ಪಾಸಿಕ್ಸ್ ಮಾನದಂಡದಲ್ಲೇ ಬರೆದಿರೋ ಕ್ಯಾಪಿಟಲ್ ಪಿ (ಔಟ್‌ಪುಟ್ ಒಂದೇ ನಿಗದಿತ ರೂಪದಲ್ಲಿ), ಸ್ಮಾಲ್ ಕೆ (ಕಿಲೋಬೈಟ್ ಲೆಕ್ಕ) ಮೇಲೆ ಹೆಚ್ಚು ನಂಬಿಕೆ. ಸ್ಕ್ರಿಪ್ಟ್‌ನಲ್ಲಿ ಈಗ ಅವೆರಡನ್ನೇ ಹಾಕಿದ್ದೀನಿ. 5000 ಇದ್ದ ಕಡೆ 5120000 ಆಗಿದೆ, ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು ಕಾಮೆಂಟ್ ಕೂಡ.