ನಮ್ಮ ಬಿಸಿಲಿಗೆ, ನಮ್ಮ ಖಾರಕ್ಕೆ ಯಾವ ವೈನ್? ಸಾವಿರ ರೂಪಾಯಿ ಒಳಗೆ ಒಂದು ಒಳ್ಳೆ ಬಾಟಲಿ

(ದೃಶ್ಯ: ತಿಕೋಟಾ ಕಡೆಯ ದ್ರಾಕ್ಷಿ ತೋಟ. ಪಕ್ಕದ ಶೆಡ್ಡಿನಲ್ಲಿ ಬಲೆಯ ಮೇಲೆ ಸಾಲುಸಾಲಾಗಿ ಒಣಗುತ್ತಿರುವ ದ್ರಾಕ್ಷಿ.)

ನಮಸ್ಕಾರ. ಇದು ನಮ್ಮ ಮಾಮಾನ ತೋಟ. ವಿಜಯಪುರದಿಂದ ಬಹಳ ದೂರ ಏನಿಲ್ಲ. ಹಿಂದೆ ಕಾಣ್ತಿರೋದು ಒಣದ್ರಾಕ್ಷಿ ಶೆಡ್ಡು. ನಾಲ್ಕು ಕಿಲೋ ಹಸಿ ದ್ರಾಕ್ಷಿ ಹಾಕಿದರೆ ಒಂದು ಕಿಲೋ ಮಣೂಕ ಸಿಗುತ್ತದೆ. ಇವತ್ತು ಮಾತಾಡೋದು ಮಾತ್ರ ಮಣೂಕದ ಬಗ್ಗೆ ಅಲ್ಲ, ವೈನ್ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ, ವೈನ್ ಕೂಡ ಮದ್ಯವೇ. ಕುಡಿಯದವರು ಈ ವಿಡಿಯೋ ನೋಡಿ ಶುರು ಮಾಡಬೇಡಿ. ಹೇಗೂ ಕೊಳ್ಳುವವರು ದುಡ್ಡು ದಂಡ ಮಾಡಿಕೊಳ್ಳದಿರಲಿ ಅಂತ ಇದನ್ನು ಮಾಡಿದ್ದು. ಯಾವ ಕಂಪನಿಯೂ ನನಗೆ ನಯಾಪೈಸೆ ಕೊಟ್ಟಿಲ್ಲ.

(ದೃಶ್ಯ: ಅಡುಗೆಮನೆ ಕಟ್ಟೆ ಮೇಲೆ ಒಂದು ಖಾಲಿ ಬಾಟಲಿ.)

ಈ ಬಾಟಲಿ ನನಗೆ ಪಾಠ ಕಲಿಸಿದ್ದು. ಹೋದ ವರ್ಷ ಏಪ್ರಿಲ್‌ನಲ್ಲಿ ಊರಿನ ಒಂದು ಅಂಗಡಿಯಲ್ಲಿ ತಗೊಂಡೆ. ಕೆಂಪು ವೈನ್, ಹೆಸರುವಾಸಿ ದ್ರಾಕ್ಷಿ ತಳಿ, ಬೆಲೆಯೂ ಜಾಸ್ತಿನೇ. ಅಂಗಡಿಯವರು ಸ್ಟೂಲ್ ಹತ್ತಿ, ಮೇಲಿನ ಶೆಲ್ಫಿನಿಂದ ಇಳಿಸಿ, ಬಟ್ಟೆಯಿಂದ ಧೂಳು ಒರೆಸಿ ಕೊಟ್ಟರು. ಆ ಧೂಳು ನೋಡಿಯೇ ನನಗೆ ಖುಷಿ! ಹಳೇ ವೈನ್ ಅಂದ್ರೆ ಒಳ್ಳೇ ವೈನ್ ಅಲ್ವಾ ಅಂತ.

ಮನೆಗೆ ತಂದು ತೆರೆಯಲು ಹೋದರೆ ಕಾರ್ಕ್ ಬಾಟಲಿಯ ಬಾಯಿಂದ ಚೂರು ಮೇಲೆದ್ದಿತ್ತು. ಪಕ್ಕದಲ್ಲಿ ಜಿಗಿಜಿಗಿ ಅಂಟು. ಆದರೂ ಗ್ಲಾಸಿಗೆ ಹಾಕಿ ಮಾಮಾನ ಕೈಗೆ ಕೊಟ್ಟೆ. ಅವರು ಕುಡಿಯಲಿಲ್ಲ, ಮೂಸಿ ನೋಡಿದರು.

"ಏನಪಾ ತಮ್ಮಾ, ಇದಕ್ಕ ಎಷ್ಟ ಕೊಟ್ಟಿ?"

ಹೇಳಿದೆ.

"ಮಣೂಕದ ವಾಸನಿ ಬರಾಕತ್ತೈತಿ. ಮಣೂಕ ಮಾಡಾಕ ನಾವ ಅದೀವಲ್ಲ, ನೀ ಯಾಕ ಬಾಟಲ್ಯಾಗ ಮಾಡ್ಸಿದಿ?"

ತಮಾಷೆಗೆ ಹೇಳಿದ್ದು, ಆದರೆ ಅವರ ಮೂಗು ತಪ್ಪಿರಲಿಲ್ಲ. ಬಿಸಿಲಿಗೆ ಬೆಂದ ವೈನ್ ನಿಜವಾಗಿಯೂ ಒಣದ್ರಾಕ್ಷಿ, ಜಾಮ್, ಸುಟ್ಟ ಸಕ್ಕರೆ ವಾಸನೆ ಬರುತ್ತದೆ. ತಾಜಾ ಹಣ್ಣಿನ ಘಮ ಹೋಗಿರುತ್ತದೆ. ವೈನ್ ಸುಖವಾಗಿರೋದು 12ರಿಂದ 18 ಡಿಗ್ರಿಯಲ್ಲಿ. ನಮ್ಮೂರಲ್ಲಿ ಬೇಸಿಗೆ ಬಂದರೆ 40 ದಾಟುತ್ತದೆ. ಶೆಟರ್ ಎಳೆದ ಅಂಗಡಿಯ ಮೇಲಿನ ಶೆಲ್ಫು, ಅದೂ ಪತ್ರಾಸಿನ ಕೆಳಗೆ, ಮಧ್ಯಾಹ್ನ ಹೇಗಿರುತ್ತದೆ ನೀವೇ ಊಹಿಸಿ. ಒಳಗಿನ ದ್ರವ ಹಿಗ್ಗಿ ಕಾರ್ಕನ್ನು ಮೇಲೆ ದೂಡುತ್ತದೆ. ಆ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಅದು ಸಾವಿರದ್ದಾದರೇನು, ಐದು ಸಾವಿರದ್ದಾದರೇನು?

ಹಾಗಾಗಿ ನಮ್ಮ ಕಡೆ ವೈನ್ ಕೊಳ್ಳುವಾಗ ನಾನು ಮೊದಲು ನೋಡೋದು ಅಂಗಡಿ. ಲೇಬಲ್ ಆಮೇಲೆ.

(ದೃಶ್ಯ: ಕೈಯಲ್ಲಿ ಬಾಟಲಿ ಹಿಡಿದು ಬೆಳಕಿಗೆ ತಿರುಗಿಸುತ್ತಾ.)

ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಕೆಳಗೆ ನಿಂತಿರೋ ಬಾಟಲಿ ಬೇಡ. ಜಾಸ್ತಿ ಮಾರಾಟ ಆಗುವ ಅಂಗಡಿಗೆ ಹೋಗಿ. ಅಲ್ಲಿ ಸ್ಟಾಕ್ ಬೇಗ ಬೇಗ ಬದಲಾಗುತ್ತದೆ. ಎಸಿ ಇದ್ದರೆ ಇನ್ನೂ ಒಳ್ಳೇದು. "ಫ್ರಿಜ್ಜಿನಲ್ಲಿ ಇರೋದು ಕೊಡ್ರಿ" ಅಂತ ಕೇಳಿ, ನಾಚಿಕೆ ಬೇಡ. ಕಾರ್ಕ್ ಇರೋ ಬಾಟಲಿ ಆದರೆ ಬಾಯಿ ಮೇಲೆ ಬೆರಳಾಡಿಸಿ. ಉಬ್ಬಿದ್ದರೆ, ಅಂಟು ತಾಗಿದರೆ ವಾಪಸ್ ಇಡಿ. ತಿರುಗಿಸುವ ಮುಚ್ಚಳದ ಬಾಟಲಿ ನೋಡಿ ಕೆಲವರು ಮೂಗು ಮುರಿಯುತ್ತಾರೆ, ಸಸ್ತಾದ್ದು ಅಂತ. ನನಗಂತೂ ದಿನಬಳಕೆಗೆ ಅದೇ ಇಷ್ಟ. ಕಾರ್ಕ್ ಒಣಗುವ ತಲೆನೋವಿಲ್ಲ, ಕಾರ್ಕ್ ತೆಗೆಯೋ ತಿರುಪು ಹುಡುಕೋದೂ ಬೇಡ.

ಬಾಟಲಿ ತಗೊಂಡಮೇಲೆ ಸ್ಕೂಟರ್ ಡಿಕ್ಕಿಯಲ್ಲಿಟ್ಟು ಗೋಲಗುಮ್ಮಟ ಸುತ್ತಾಡಿಕೊಂಡು ಬರಬೇಡಿ. ಸೀದಾ ಮನೆಗೆ.

ಇನ್ನು ಇಸವಿ. ವರ್ಷಗಟ್ಟಲೆ ಇಟ್ಟು ಕುಡಿಯೋದಕ್ಕೆ ಅಂತಲೇ ಮಾಡುವ ವೈನ್ ಬೇರೆ. ಸಾವಿರದ ಒಳಗಿನದು ಬೇಗ ಕುಡಿಯೋದಕ್ಕೆ ಮಾಡಿದ್ದು. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿ ಕೊಯ್ಯೋದು ಸುಮಾರು ಜನವರಿಯಿಂದ ಮಾರ್ಚ್. ಲೇಬಲ್ ಮೇಲಿನ ಇಸವಿ ಆ ಕೊಯ್ಲಿನದು. ಬಿಳಿ ಮತ್ತು ಗುಲಾಬಿ ಬಣ್ಣದ (ರೋಸೆ) ವೈನ್ ಆದರೆ ಒಂದೆರಡು ವರ್ಷದ ಒಳಗಿನದು ಸಾಕು, ಕೆಂಪು ಆದರೆ ಮೂರು ವರ್ಷದ ಒಳಗೆ. ಇಸವಿ ಹಾಕಿಲ್ಲದಿದ್ದರೆ ಬಾಟಲಿಗೆ ತುಂಬಿದ ತಾರೀಖು ನೋಡಿ.

ಪರದೇಶದ ಬಾಟಲಿ? ಈ ಬೆಲೆಗೆ ನಾನು ಬೇಡ ಅಂತೀನಿ. ಆಮದು ವೈನ್ ಮೇಲೆ ಬಹಳ ವರ್ಷಗಳಿಂದ ಶೇಕಡಾ 150 ಸುಂಕ ಇತ್ತು. ಅದರ ಮೇಲೆ ರಾಜ್ಯದ ತೆರಿಗೆ ಬೇರೆ. ನೀವು ಕೊಟ್ಟ ದುಡ್ಡಿನಲ್ಲಿ ವೈನಿಗೆ ಹೋಗೋದು ಚಿಲ್ಲರೆ. ಅದೇ ದುಡ್ಡಿಗೆ ನಾಸಿಕದ ಸುಲಾ, ನಂದಿಬೆಟ್ಟದ ಹತ್ತಿರದ ಗ್ರೋವರ್ ಜಂಪಾ, ಇಲ್ಲೇ ಗಡಿಯಾಚೆ ಸೋಲಾಪುರ ಜಿಲ್ಲೆ ಅಕ್ಲೂಜಿನ ಫ್ರಾಟೆಲ್ಲಿ, ಹೀಗೆ ಹತ್ತಿರದವರದ್ದೇ ಸಿಗುತ್ತದೆ. ಕಡಿಮೆ ದೂರ ಬಂದಿರುತ್ತದೆ, ಕಡಿಮೆ ಬಿಸಿಲು ತಿಂದಿರುತ್ತದೆ.

ಮತ್ತೆ ಆ ಸಿಹಿ ಸಿಹಿ ಪೋರ್ಟ್ ವೈನ್. ನಿಜವಾದ ಪೋರ್ಟ್ ಪೋರ್ಚುಗಲ್‌ನ ದೋರು ಕಣಿವೆಯದು, ಹುದುಗುವಾಗ ಮಧ್ಯದಲ್ಲೇ ದ್ರಾಕ್ಷಿಯ ಬ್ರಾಂಡಿ ಸೇರಿಸಿ ನಿಲ್ಲಿಸುತ್ತಾರೆ. ನಮ್ಮ ಅಂಗಡಿಯಲ್ಲಿ ಆ ಹೆಸರಲ್ಲಿ ಸಿಗೋದು ಬಹುತೇಕ ಸಕ್ಕರೆ ರುಚಿಯ ಅಗ್ಗದ ವೈನ್. ಇಷ್ಟ ಆದರೆ ಕುಡಿಯಿರಿ, ಊಟದ ಜೊತೆ ಮಾತ್ರ ಹೊಂದಲ್ಲ.

(ದೃಶ್ಯ: ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ.)

ಈಗ ನನಗೆ ಇಷ್ಟವಾದ ಭಾಗ. ವೈನ್ ಬಗ್ಗೆ ಎಲ್ಲಿ ಓದಿದರೂ ಚೀಸ್ ಜೊತೆ, ಮೀನಿನ ಜೊತೆ ಅಂತಾರೆ. ನಮ್ಮ ತಟ್ಟೆಯಲ್ಲಿ ಇರೋದು ಇದು. ಇದಕ್ಕೆ ಏನು?

ಕೆಂಪು ವೈನಿನಲ್ಲಿ ಒಗರು ಇರುತ್ತದೆ, ಟ್ಯಾನಿನ್ ಅಂತಾರೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರೋದು. ಬಲಿಯದ ಪೇರಲಕಾಯಿ ಕಚ್ಚಿದಾಗ ನಾಲಿಗೆ ಹಿಡಿಯುತ್ತಲ್ಲ, ಅದು. ಆ ಒಗರಿಗೆ ನಮ್ಮ ಕೆಂಪು ಖಾರ ಸೇರಿದರೆ ಎರಡೂ ಕೆರಳುತ್ತವೆ. ಆಲ್ಕೋಹಾಲ್ ಜಾಸ್ತಿ ಇದ್ದರೆ ಉರಿಯೂ ಜಾಸ್ತಿ. ನಾನು ಒಂದು ರಾತ್ರಿ ಎಣ್ಣೆಗಾಯಿ ಜೊತೆ ಕ್ಯಾಬರ್ನೆ ಅನ್ನೋ ಗಟ್ಟಿ ಕೆಂಪು ವೈನ್ ಕುಡಿದು ಆಮೇಲೆ ಒಂದು ತಂಬಿಗೆ ಮಜ್ಜಿಗೆ ಕುಡಿದಿದ್ದೇನೆ.

ಖಾರಕ್ಕೆ ಬೇಕಾಗಿರೋದು ತಂಪು, ಹುಳಿ, ಒಂಚೂರು ಸಿಹಿ. ಶೆನಿನ್ ಬ್ಲಾಂ ಅನ್ನೋ ಬಿಳಿ ತಳಿಯಲ್ಲಿ ಈ ಮೂರೂ ಸಿಗುತ್ತವೆ. ಮೂಲ ಫ್ರಾನ್ಸಿನ ಲುವಾರ್ ಕಣಿವೆ, ಆದರೆ ನಾಸಿಕದ ಬಿಸಿಲಲ್ಲೂ ಹುಳಿ ಬಿಟ್ಟುಕೊಡಲ್ಲ. ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟು, ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ, ಒಂದು ಗುಟುಕು ಕುಡಿದು ನೋಡಿ. ಖಾರ ಇಳಿಯುತ್ತದೆ, ಬದನೆಕಾಯಿಯೊಳಗಿನ ಶೇಂಗಾ, ಎಳ್ಳು, ಗುರೆಳ್ಳಿನ ರುಚಿ ಉಳಿಯುತ್ತದೆ. ಹುಳಿ ಎಣ್ಣೆಯ ಜಿಡ್ಡನ್ನೂ ತೊಳೆಯುತ್ತದೆ.

ಸಾವಿನ್ಯೋಂ ಬ್ಲಾಂ ಇನ್ನೊಂದು ಬಿಳಿ. ಅದರಲ್ಲಿ ಸಿಹಿ ಇರಲ್ಲ, ಹಸಿ ಸೊಪ್ಪಿನ ಘಮ. ಮೆಂತೆ ಪಚಡಿಗೆ, ಹೆಸರುಕಾಳು ಪಲ್ಯಕ್ಕೆ ಚೆನ್ನಾಗಿರುತ್ತದೆ. ಮಟನ್ ಇದ್ದ ದಿನ ಶಿರಾಜ್ ಅನ್ನೋ ಕೆಂಪು ವೈನ್ ತಗೊಳ್ಳಿ. ಅದರಲ್ಲೇ ಮೆಣಸಿನಕಾಳಿನ ವಾಸನೆ ಇರುತ್ತದೆ. ಆದರೆ ಕೆಂಪು ವೈನ್ ರೂಮಿನ ಉಷ್ಣತೆಯಲ್ಲಿ ಕುಡಿಯಬೇಕು ಅನ್ನೋ ಮಾತು ನಮ್ಮ ರೂಮಿಗೆ ಹೇಳಿದ್ದಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಯಾವುದು ಅಂತ ತಿಳಿಯದಿದ್ದರೆ ಸುಮ್ನೆ ಗುಲಾಬಿ ವೈನ್. ರೊಟ್ಟಿಗೂ ಆಗುತ್ತೆ, ಕೋಳಿಗೂ ಆಗುತ್ತೆ.

(ದೃಶ್ಯ: ಮತ್ತೆ ತೋಟ. ಮಾಮಾ ದ್ರಾಕ್ಷಿ ಗೊನೆ ಹಿಡಿದು ನಿಂತಿದ್ದಾರೆ.)

ಕಾಮೆಂಟಿನಲ್ಲಿ ಯಾರಾದರೂ ಕೇಳೇ ಕೇಳ್ತೀರಿ, ಜಿಲ್ಲೆ ತುಂಬಾ ದ್ರಾಕ್ಷಿ ಇದೆಯಲ್ಲ, ಮತ್ತೆ ವೈನ್‌ಗೆ ನಾಸಿಕ ಯಾಕೆ ಅಂತ. ಇಲ್ಲಿ ಹೆಚ್ಚಾಗಿ ಇರೋದು ಥಾಮ್ಸನ್ ಸೀಡ್‌ಲೆಸ್ ಜಾತಿ. ತೆಳು ಸಿಪ್ಪೆ, ಬೀಜ ಇಲ್ಲ. ತಿನ್ನೋಕೆ, ಒಣಗಿಸೋಕೆ ಚಂದ. ವೈನ್ ದ್ರಾಕ್ಷಿ ಗೋಲಿಗಿಂತ ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ಒಂದು ಬಾಟಲಿಗೆ ಕಿಲೋಗಿಂತ ಸ್ವಲ್ಪ ಜಾಸ್ತಿ ಹಣ್ಣು ಬೇಕು. ಮಾಮಾನಿಗೆ ಈ ಲೆಕ್ಕ ಹೇಳಿ, ವೈನ್ ದ್ರಾಕ್ಷಿ ಹಚ್ಚಬಾರದಾ ಅಂದೆ. "ಕಂಪನಿಯಾಂವ ಬ್ಯಾಡ ಅಂದ್ರ ಬಜಾರದಾಗ ಯಾರ ತಿಂತಾರೋ ಅದನ್ನ? ಮಣೂಕ ಆದ್ರ ಸಾಂಗ್ಲಿಗೆ ಕಳಿಸಬೌದು" ಅಂದರು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಇದೆ. ಆದರೆ ಚಾಟ್ನಿ ಮಾಡಿ (ಅಂದ್ರೆ ಬಳ್ಳಿ ಕತ್ತರಿಸಿ), ಔಷಧ ಹೊಡೆದು, ಮಳೆಗೆ ಹೆದರಿ ಕೂತವರ ಲೆಕ್ಕ ಬೇರೆ.

"ದಿನಬಳಕೆ" ಅಂದೆ, ದಿನಾ ಕುಡಿಯಿರಿ ಅಂತಲ್ಲ. 150 ಎಂಎಲ್ ಗ್ಲಾಸಿನಲ್ಲಿ 13 ಶೇಕಡಾ ವೈನ್ ಅಂದ್ರೆ ಸುಮಾರು 15 ಗ್ರಾಂ ಆಲ್ಕೋಹಾಲ್. 30 ಎಂಎಲ್ ವಿಸ್ಕಿಯಲ್ಲಿ 10 ಗ್ರಾಂ. ಅಂದ್ರೆ ಒಂದು ಗ್ಲಾಸ್ ವೈನ್ ಒಂದೂವರೆ ಸಣ್ಣ ಪೆಗ್ಗಿಗೆ ಸಮ. ಹೃದಯಕ್ಕೆ ಒಳ್ಳೇದು ಅಂತ ಕುಡಿಯುವವರಿಗೂ ಒಂದು ಮಾತು: ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನುವ ಪ್ರಮಾಣ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ರುಚಿಗೆ ಅಂತ ಕುಡಿದರೆ ಕುಡಿಯಿರಿ, ಔಷಧ ಅಂತ ಬೇಡ. ಕುಡಿದು ಗಾಡಿ ಮುಟ್ಟಬೇಡಿ.

ಒಂದು ಬಾಟಲಿಯಲ್ಲಿ ಐದು ಗ್ಲಾಸ್ ಬರುತ್ತದೆ. ಇಬ್ಬರಿದ್ದರೆ ಉಳಿಯುತ್ತದೆ, ಉಳಿಯಲಿ ಬಿಡಿ. ಮುಚ್ಚಳ ಗಟ್ಟಿಯಾಗಿ ಹಾಕಿ, ಕೆಂಪಾದರೂ ಸರಿ, ಫ್ರಿಜ್ಜಿನಲ್ಲಿ ನಿಲ್ಲಿಸಿಡಿ. ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ಹುಳಿ ಏರುತ್ತದೆ. ಆಗ ಮಟನ್‌ಗೆ ಹಚ್ಚಿ ನೆನೆಸಿ, ಚೆಲ್ಲಬೇಡಿ. ತೆರೆದ ತಾರೀಖು ಒಂದು ಪಟ್ಟಿ ಮೇಲೆ ಬರೆದು ಬಾಟಲಿಗೆ ಅಂಟಿಸಿ, ಇಲ್ಲಾಂದ್ರೆ ನೆನಪಿರಲ್ಲ.

(ದೃಶ್ಯ: ಫ್ರಿಜ್ಜಿನ ಬಾಗಿಲು ತೆರೆಯುತ್ತದೆ. ಅರ್ಧ ಖಾಲಿಯಾದ ಶೆನಿನ್ ಬ್ಲಾಂ ಬಾಟಲಿ, ಮೇಲೆ ಮಣೂಕದ ಬಾಕ್ಸಿಗೆ ಅಂಟಿಸುವ ಕಂದು ಟೇಪು.)

ನಮ್ಮನೆ ಬಾಟಲಿಗೆ ಟೇಪು ಹಚ್ಚಿದ್ದು ಮಾಮಾ. ತಾರೀಖು ಇದೆ. ಕೆಳಗೆ ಅವರ ಅಕ್ಷರದಲ್ಲಿ ಇನ್ನೊಂದು ಸಾಲು: "ನಂದೈತಿ, ಮುಟ್ಟಬ್ಯಾಡ."