ಎಕ್ಸ್‌ರೇ ಯಂತ್ರ ನಡೆಸಿದ ಕೈಗಳು

ಸಭಿಕರೆಲ್ಲರಿಗೂ ನಮಸ್ಕಾರ.

1895ರ ಡಿಸೆಂಬರ್ 22ರಂದು, ಎಕ್ಸ್‌ರೇ ಕಂಡುಹಿಡಿದ ಜರ್ಮನ್ ವಿಜ್ಞಾನಿ ರಾಂಟ್ಜನ್ ತಮ್ಮ ಪತ್ನಿ ಆನ್ನಾ ಬೆರ್ಥಾ ಅವರ ಕೈಯ ಎಕ್ಸ್‌ರೇ ತೆಗೆದರು. ಉಂಗುರ ತೊಟ್ಟ ಆ ಬೆರಳ ಮೂಳೆಯನ್ನು ನಿಮ್ಮಲ್ಲಿ ಹಲವರು ಪಠ್ಯಪುಸ್ತಕದಲ್ಲಿ ನೋಡಿದ್ದೀರಿ. ಯಂತ್ರಕ್ಕೆ ಕೈಯೊಡ್ಡಿದ ಆ ಹೆಂಗಸು ನಮಗೆ ಗೊತ್ತು. ಯಂತ್ರ ನಡೆಸಿದ ಹೆಂಗಸರು ಯಾರೆಂದರೆ ಮೇರಿ ಕ್ಯೂರಿಯವರ ಹೆಸರೊಂದೇ ನೆನಪಾಗುತ್ತದೆ. ಅವರ ಕತೆ ನಿಮಗೆ ತಿಳಿದದ್ದೇ. ನಾನು ಇನ್ನು ಮೂವರ ಬಗ್ಗೆ ಹೇಳುತ್ತೇನೆ.

ಎಲಿಜಬೆತ್ ಫ್ಲೈಶ್ಮನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆಕ್ಕ ಬರೆಯುತ್ತಿದ್ದವರು, ವೈದ್ಯೆಯಲ್ಲ. ರಾಂಟ್ಜನ್ನರ ಶೋಧದ ಸುದ್ದಿ ತಿಳಿದ ಮೇಲೆ ವಿದ್ಯುತ್ ವಿಜ್ಞಾನ ಕಲಿತು ಎಕ್ಸ್‌ರೇ ಪ್ರಯೋಗಾಲಯವನ್ನೇ ತೆರೆದರು. ಫಿಲಿಪೀನ್ಸ್ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಮೈಯೊಳಗಿನ ಗುಂಡುಗಳನ್ನು ಅವರ ಚಿತ್ರಗಳು ತೋರಿಸಿಕೊಟ್ಟವು. ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ತಿಳಿಯಲು ಸ್ವಂತ ಕೈಯನ್ನೇ ಅಡ್ಡ ಹಿಡಿದು ನೋಡುತ್ತಿದ್ದ ಕಾಲ ಅದು. ಆ ಕಿರಣಗಳು ಮಾಡಿದ ಹಾನಿಯಿಂದ 1905ರಲ್ಲಿ ಅವರ ತೋಳನ್ನು ಕತ್ತರಿಸಬೇಕಾಯಿತು. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು.

ಇನ್ನಿಬ್ಬರು ಐರ್ಲೆಂಡಿನ ಅಕ್ಕತಂಗಿಯರು, ಈಡಿತ್ ಮತ್ತು ಫ್ಲಾರೆನ್ಸ್ ಸ್ಟೋನಿ. ಎಲೆಕ್ಟ್ರಾನ್‌ಗೆ ಆ ಹೆಸರಿಟ್ಟ ಜಾರ್ಜ್ ಜಾನ್‌ಸ್ಟನ್ ಸ್ಟೋನಿ ಅವರ ತಂದೆ. ಈಡಿತ್ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೇಲಿನ ಶ್ರೇಣಿ ಪಡೆದರೂ ಹೆಂಗಸರಿಗೆ ಅಲ್ಲಿ ಪದವಿ ಕೊಡುತ್ತಿರಲಿಲ್ಲ. ಫ್ಲಾರೆನ್ಸ್ ವೈದ್ಯೆಯಾಗಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸ ಆರಂಭಿಸಿದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಇಬ್ಬರೂ ಸೇವೆಗೆ ಮುಂದಾದರು. ಹೆಂಗಸರೆಂಬ ಕಾರಣಕ್ಕೆ ಅವರನ್ನು ತಿರಸ್ಕರಿಸಲಾಯಿತು. ಹತ್ತಕ್ಕೂ ಹೆಚ್ಚು ವರ್ಷ ಈ ಕೆಲಸ ಮಾಡಿದ್ದ ಫ್ಲಾರೆನ್ಸ್ ಅವರ ಕೈಯನ್ನು ಬೇಡವೆಂದರಲ್ಲ, ಈ ಸಂಗತಿ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫ್ಲಾರೆನ್ಸ್ ಮಹಿಳೆಯರದೇ ತಂಡದೊಂದಿಗೆ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ಗೆ ಹೋದರು. ಅಲ್ಲಿ ಸಂಗೀತ ಸಭಾಂಗಣವೇ ಅವರ ಆಸ್ಪತ್ರೆ. ನಗರದ ಮೇಲೆ ಶೆಲ್ ದಾಳಿ ನಡೆದಾಗ ಗಾಯಾಳುಗಳನ್ನು ಸಾಗಿಸಿ ಆಮೇಲೆ ತಾವು ಹೊರಬಂದರು. 1915ರಿಂದ ಲಂಡನ್ನಿನ ಫುಲ್ಹಂ ಸೈನಿಕ ಆಸ್ಪತ್ರೆಯಲ್ಲಿ 15,000ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದರು. ಮೊದಲು ಹೆಂಗಸೆಂದು ಬೇಡವಾಗಿದ್ದವರು ಈಗ ಬೇಕಾಗಿದ್ದರು.

ಈಡಿತ್ ಫ್ರಾನ್ಸಿನ ತ್ರ್ವಾ ಪಟ್ಟಣದ ಡೇರೆ ಆಸ್ಪತ್ರೆಗೆ, ಮುಂದೆ ಗ್ರೀಸಿನ ಸಲೋನಿಕಾಕ್ಕೆ ಹೋದರು. ಅವರ ಗಣಿತ ಕೈಗೂಡಿದ್ದು ಇಲ್ಲಿ. ಎಕ್ಸ್‌ರೇ ಚಿತ್ರ ಚಪ್ಪಟೆ. ಗುಂಡು ಎಲ್ಲಿದೆ ಎಂದು ಹೇಳುತ್ತದೆ, ಎಷ್ಟು ಆಳದಲ್ಲಿದೆ ಎಂದು ಹೇಳುವುದಿಲ್ಲ. ಕಿರಣ ಹೊರಡಿಸುವ ಕೊಳವೆಯನ್ನು ಸ್ವಲ್ಪ ಸರಿಸಿ ಎರಡನೆಯ ಚಿತ್ರ ತೆಗೆದರೆ ಗುಂಡಿನ ನೆರಳೂ ಸರಿಯುತ್ತದೆ. ಎಷ್ಟು ಸರಿಯಿತೆಂದು ಅಳೆದರೆ ಆಳ ಸಿಕ್ಕಿತು. ಶಸ್ತ್ರವೈದ್ಯರು ಮಾಂಸವನ್ನು ತಡಕಾಡಿ ಬಗೆಯುವುದು ತಪ್ಪಿತು. ಸ್ನಾಯುವಿನಲ್ಲಿ ಅನಿಲದ ಗುಳ್ಳೆಗಳು ಕಂಡರೆ ಅದು ಗಾಯವನ್ನು ಬೇಗ ಕೊಳೆಸುವ ಸೋಂಕು, ಗ್ಯಾಸ್ ಗ್ಯಾಂಗ್ರೀನ್ ಎಂದೂ ಅವರು ಗುರುತಿಸುತ್ತಿದ್ದರು. ಎಷ್ಟೋ ಸಲ ಜೀವ ಉಳಿಯಲು ಆ ಅಂಗವನ್ನು ತಡಮಾಡದೆ ತೆಗೆಯಬೇಕಾಗುತ್ತಿತ್ತು.

ಫ್ಲಾರೆನ್ಸ್ ಅವರ ಎಡಗೈಯ ಚರ್ಮವನ್ನೂ ಕಿರಣಗಳು ಸುಟ್ಟವು. ನಿವೃತ್ತಿಯ ನಂತರ ಅಕ್ಕನ ಜೊತೆ ನಮ್ಮ ದೇಶಕ್ಕೂ ಬಂದರು. ಪರದೆಯೊಳಗೆ ಬಿಸಿಲು ಕಾಣದೆ ಮೂಳೆ ಮೆತ್ತಗಾಗಿ, ಸೊಂಟದ ಎಲುಬು ಸೊಟ್ಟಗಾಗಿ, ಹೆರಿಗೆಯಲ್ಲಿ ನರಳುತ್ತಿದ್ದ ಹೆಂಗಸರ ಕುರಿತು ಬರೆದರು. 1932ರಲ್ಲಿ, 62ನೆಯ ವಯಸ್ಸಿನಲ್ಲಿ ನಿಧನರಾದರು. ಆ ಹೆಂಗಸರ ಕುರಿತ ಬರಹವೇ ಅವರ ಕೊನೆಯ ವೈಜ್ಞಾನಿಕ ಲೇಖನ.